ಇಪ್ಪತ್ತೆರಡು ಹೊಗೆಗೂಡು

ಪೊಡ್ನಿಯೆಕ್ಸ್ ಅಂದರೆ ಲಾಟ್ವಿಯದ ಮಾತಿನಲ್ಲಿ ಕುಂಬಾರ.
ನನ್ನ ಹೆಸರೇ ಅದು, ಕಸುಬೂ ಅದೇ.
ಉಂಡ ಮನೆಯ ಜಂತೆ ಎಣಿಸಬಾರದಂತೆ.
ನಾವು ಅಲ್ಲಿ ಉಂಡವರಲ್ಲ, ಎಣಿಸಿದ್ದೇವೆ:
ಜಂತೆಯಲ್ಲ, ಹೊಗೆಗೂಡು. ಇಪ್ಪತ್ತೆರಡು.

ಸರೋವರದ ದಡಕ್ಕೆ ಬೆನ್ನು ಕೊಟ್ಟು
ಮೊದಲ ಬ್ಯಾರನ್ ಫಾನ್ ಟೀಲೆನ್ ಅರಮನೆ ಎಬ್ಬಿಸಿದಾಗ
ಕಲ್ಲು ಹೊತ್ತವರ ಹೆಸರು ಯಾವ ಕಡತದಲ್ಲೂ ಇಲ್ಲ.
ಕಲ್ಲು ಎಳೆದ ಕುದುರೆಗಳದ್ದು ಇದೆ:
ಅಟ್ಲಾಸ್, ಡೋರಾ, ಮುಂಗಾಲು ಕುಂಟುವ ಬೆಲ್ಲೋನ.

ದೊಡ್ಡ ಹಜಾರದ ಒಲೆ ಹಡಗಿನಲ್ಲಿ ಬಂತು.
ಅಡುಗೆಯದಲ್ಲ, ಕೋಣೆ ಕಾಯಿಸುವ ಒಲೆ, ಎರಡಾಳೆತ್ತರ.
ನೂರ ನಲವತ್ತು ಬಿಲ್ಲೆ, ಬಿಳಿಯ ಮೇಲೆ ನೀಲಿ,
ಬಿಲ್ಲೆಗೊಂದು ದೋಣಿ, ಒಂದರಂತೆ ಒಂದಿಲ್ಲ.
ಜೋಡಿಸಿದವನು ನನ್ನ ಅಜ್ಜನ ಮುತ್ತಜ್ಜ.
ಸೌದೆ ತುರುಕುವ ಬಾಯಿ ಮಾತ್ರ
ಗೋಡೆಯಾಚೆ, ಆಳುಗಳ ಕತ್ತಲೆ ಓಣಿಯಲ್ಲಿ;
ಬೂದಿ ಮೆತ್ತಿದ ಜನ ಹಜಾರದವರ ಕಣ್ಣಿಗೆ ಬೀಳಬಾರದಲ್ಲ.
ನಾಲ್ಕು ತಲೆಮಾರು ಆ ಒಲೆಗೆ ಉಣಿಸಿದೆವು,
ಮುಖ ನೋಡದೆ.

ಸಾವಿರದ ಒಂಬೈನೂರ ಐದರ ಚಳಿಯಲ್ಲಿ ನೋಡಿದೆವು.
ಬೀಗ ಒಡೆದಿತ್ತು, ಕೈಕೈಯಲ್ಲೂ ಪಂಜು,
ಊರಿಗೆ ಊರೇ ಹಜಾರದಲ್ಲಿ.
ಯಾರೋ ಪಿಯಾನೋದ ಹಲ್ಲು ಕೀಳುತ್ತಿದ್ದರು.
ಬ್ಯಾರನೆಸ್ಸಳ ಗರಿಟೋಪಿ ತೊಟ್ಟು
ಇಂಡ್ರಿಕಿಸ್ ಯಾಕೋ ಅಳುತ್ತಿದ್ದ.
ನನ್ನಜ್ಜ ಮಿಕೆಲಿಸ್ ಸೊಂಟದಿಂದ ಉಳಿ ತೆಗೆದ.
ಉರಿ ಮಾಳಿಗೆಯಿಂದ ಇಳಿಯುವಷ್ಟರಲ್ಲಿ
ಐವತ್ತೊಂದು ಬಿಲ್ಲೆ ಬಿಡಿಸಿ ಗೋಣಿಗಿಳಿಸಿದ.

ಕದ್ದದ್ದೋ, ಕಾಪಾಡಿದ್ದೋ? ಅಜ್ಜಿ ಕೇಳಿದಳಂತೆ.
"ಬಿಸಿ ಇದೆ, ನೋಡಿಕೊಂಡು ಹಿಡಿ" ಅಂದನಂತೆ.

ಆಮೇಲೆ ಸಿಪಾಯಿಗಳು, ಕೈಯಲ್ಲಿ ಪಟ್ಟಿ.
ಇಂಡ್ರಿಕಿಸನಿಗೆ ಅವನ ಕಣದಲ್ಲೇ ಗುಂಡು ಹೊಡೆದರು.
ಒಂದು ಟೋಪಿಗೆ.
ಆ ರಾತ್ರಿಯೇ ಅಜ್ಜ ನಮ್ಮ ಗುಡಿಸಿಲ ಒಲೆ ಕೆಡವಿ
ಬಿಲ್ಲೆ ಕೂಡಿಸಿ ಕಟ್ಟಿದ, ಮೇಲೆ ಜೇಡಿ ಮೆತ್ತಿದ, ಸುಣ್ಣ ಬಳಿದ.
ಐವತ್ತೊಂದು ದೋಣಿ ನಮ್ಮ ಮನೆಯಲ್ಲಿ ಮುಳುಗಿದವು.
ಸುಣ್ಣ ಬಿರಿದು ಎಲ್ಲಾದರೂ ಹಾಯಿಯ ತುದಿ ಇಣುಕಿದರೆ
ಅಜ್ಜಿ, ಆಮೇಲೆ ಅಮ್ಮ, ಆಮೇಲೆ ನನ್ನ ಜೆಲ್ಮಾ
ಬೆರಳಲ್ಲಿ ಜೇಡಿ ಒತ್ತುತ್ತಿದ್ದರು,
ಮಗುವಿನ ಬಾಯಿ ಮುಚ್ಚುವ ಹಾಗೆ.

ಅರಮನೆಗೆ ಮತ್ತೆ ಮಾಡು ಬಂತು. ಮುಂದಿನದು ಬೇಗ ಹೇಳುವೆ,
ಉಳಿದ ಒಲೆಗಳು ತಿಂದದ್ದರ ಲೆಕ್ಕದಲ್ಲಿ.
ಬ್ಯಾರನ್ ಇರುವ ತನಕ ಬರ್ಚ್, ಎರಡು ವರ್ಷ ಒಣಗಿದ್ದು.
ಸರ್ಕಾರ ಕಿತ್ತುಕೊಂಡು ಶಾಲೆ ಮಾಡಿದಾಗ ಹಸಿ ಪೈನ್;
ಆ ಹೊಗೆಗೆ ಕಣ್ಣೊರೆಸುತ್ತ ನಾನು ಅಕ್ಷರ ಕಲಿತೆ.
ಯುದ್ಧದಲ್ಲಿ ಆಸ್ಪತ್ರೆ: ಮೊದಲು ನೆಲದ ಹಲಗೆ,
ಕೊನೆಗೆ, ಯಜಮಾನರಿಲ್ಲದ ಊರುಗೋಲುಗಳು.
ಟ್ರ್ಯಾಕ್ಟರ್ ನಿಲ್ಲಿಸಿದ ವರ್ಷಗಳಲ್ಲಿ ಡೀಸೆಲ್ ಚಿಂದಿ.
ಆಮೇಲೆ ಏನೂ ಇಲ್ಲ.
ಕಾಗೆಗಳು ಕಡ್ಡಿ ತಂದು ಸೇರಿಕೊಂಡವು,
ಹೊಗೆಗೂಡು ಬರೀ ಗೂಡಾಯಿತು.

ಹೋದ ಅಕ್ಟೋಬರ್, ಹ್ಯಾಂಬರ್ಗಿನಿಂದ ಒಬ್ಬ ಮುದುಕಿ,
ಓಟಿಲಿಯೆ ಫಾನ್ ಟೀಲೆನ್. ಮಂಡಿನೋವು. ಗಟ್ಟಿ ಕರಿ ಕೋಟು.
ತೋರಿಸಲು ನನ್ನ ಬಳಿ ಇದ್ದದ್ದು ಮೂರು ಗೋಡೆ, ಒಂದು ಮೆಟ್ಟಿಲಸಾಲು
ಎಲ್ಲಿಗೂ ಹತ್ತದ್ದು.
ಅವಳು ಏನನ್ನೂ ವಾಪಸು ಕೇಳಲಿಲ್ಲ.
"ದೋಣಿಗಳ ಒಲೆಯಿತ್ತಂತೆ," ಅಂದಳು,
"ಅಜ್ಜಿ ಎಣಿಸಲು ಕಲಿತದ್ದೇ ಅದರಲ್ಲಿ.
ಸಾಯುವಾಗಲೂ ಎಣಿಸುತ್ತಿದ್ದಳು, ಎಂಬತ್ತೊಂಬತ್ತಕ್ಕೆ ತಪ್ಪುತ್ತಿತ್ತು."

ಮಳೆ ಬಂತು. ಮನೆಗೆ ಕರೆದೆ.
ಬೇರೆ ಕುರ್ಚಿ ಇರಲಿಲ್ಲ, ಒಲೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತಳು,
ಕಣ್ಣು ಮುಚ್ಚಿದಳು.
"ಎಷ್ಟು ಹಿತವಾಗಿದೆ."

ನೂರ ನಲವತ್ತರಲ್ಲಿ ಐವತ್ತೊಂದು ಕಳೆದರೆ?
ಲೆಕ್ಕ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.
ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಎದ್ದಾಗ ಕರಿ ಕೋಟಿನ ಬೆನ್ನ ತುಂಬ ನಮ್ಮ ಸುಣ್ಣ.
ಒರೆಸಲು ಕೈ ಎತ್ತಿದೆ. ಇಳಿಸಿದೆ.
ಹಾಗೇ ಹೋದಳು, ಕಾರಿನವರೆಗೆ, ಮಳೆಯಲ್ಲಿ.

ಅವಳು ಒರಗಿದ್ದ ಕಡೆ ಉಗುರಗಲ ನೀಲಿ.
ಜೇಡಿ ಕಲಸಿ ಇಟ್ಟಿದ್ದೇನೆ.
ಬಟ್ಟಲಲ್ಲೇ ಒಣಗುತ್ತಿದೆ.